ಹಾರ ಹಾಕಿಕೊಂಡು ಕುಳಿತ ಫ್ಯಾನು

ನಾನು ಚಿಕ್ಕವನಿದ್ದಾಗ ನೇಸರಗಿಯ ನಮ್ಮ ಮನೆಯಲ್ಲಿ, ದೀಪಗಳನ್ನು ಬಿಟ್ಟರೆ, ಕರೆಂಟಿನಿಂದ ನಡೆಯುವ ವಸ್ತು ಒಂದೇ ಒಂದಿತ್ತು. ಅದು ಟೇಬಲ್ ಫ್ಯಾನು. ಅಕ್ಕ ಬಾಣಂತನಕ್ಕೆ ಬಂದಾಗ ಅಪ್ಪ ಅದನ್ನು ಬೈಲಹೊಂಗಲದ ಪೇಟೆಯಿಂದ ತಂದಿದ್ದ. ಹಸಿರು ಬಣ್ಣದ ಕಬ್ಬಿಣದ ಫ್ಯಾನು. ಎತ್ತಿದರೆ ತುಂಬಿದ ಕೊಡದಷ್ಟು ಭಾರ. ಈಗಿನವರು ಕಂಡಿದ್ದರೆ ತಿರುಗುವ ಮೊದಲೇ ಅದಕ್ಕೆ ನೂರು ವರ್ಷ ಆಯುಷ್ಯ ಕೊಟ್ಟುಬಿಡುತ್ತಿದ್ದರು.

ಆ ವರ್ಷ ಖಂಡೆಪೂಜೆಯ ದಿನ, ಅಂದರೆ ಆಯುಧಪೂಜೆಯ ದಿನ, ಅಜ್ಜಿ ಕುಡಗೋಲು, ಕೊಡಲಿಗಳ ಸಾಲಿನಲ್ಲಿ ಫ್ಯಾನನ್ನೂ ಇರಿಸಿದಳು. ದುಡಿಯುವ ವಸ್ತುವಿಗೆಲ್ಲ ಪೂಜೆಯಾಗಬೇಕು ಎಂಬುದು ಅವಳ ಹಟ. ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದಳು. ಹಾಗೆ ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೂ ಯಾರೂ ಮುಟ್ಟುವಂತಿರಲಿಲ್ಲ.

ಮಧ್ಯಾಹ್ನ ಸೆಕೆ ಏರಿತು. ಅಕ್ಕನ ಕೂಸಿನ ಮೈತುಂಬ ಬೆವರುಗುಳ್ಳೆ ಎದ್ದಿದ್ದವು. ಅದು ಅಳು ನಿಲ್ಲಿಸಲಿಲ್ಲ, ಹಾಲನ್ನೂ ಕುಡಿಯಲಿಲ್ಲ. ಅಕ್ಕನ ಕಣ್ಣಲ್ಲಿ ನೀರು ಬಂತು.

"ಅಜ್ಜೀ, ಕೂಸು ಬಾಡಾಕತ್ತೇತಿ. ಫ್ಯಾನ್ ಕೊಡು."

"ಪೂಜಿಗೆ ಕುಂತದ್ದನ್ನ ಎಬ್ಬಸಬಾರದವ್ವಾ. ನಾಳಿ ತಗೋ."

ಅಪ್ಪ ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಹುಡುಕಿದ. ಫ್ಯಾನನ್ನು ಎಬ್ಬಿಸುವುದೂ ಬೇಡ, ಹಾರ ತೆಗೆಯುವುದೂ ಬೇಡ. ಕೂಸನ್ನೇ ತಂದು ಅದರ ಮುಂದೆ ಮಲಗಿಸಿ ಗುಂಡಿ ಒತ್ತೋಣ ಎಂದ. ಅಜ್ಜಿ ಹೂಂ ಎಂದಳು. ಗಾಳಿ ಬಂತು, ಕೂಸು ಸುಮ್ಮನಾಯಿತು. ಅಷ್ಟರಲ್ಲಿ ಹಾರದ ತುದಿ ಜಾಳಿಗೆಯ ಸಂದಿಯಲ್ಲಿ ತೂರಿ ರೆಕ್ಕೆಗೆ ಸಿಕ್ಕಿತು. ಎಲ್ಲರ ತಲೆಯ ಮೇಲೂ ಹೂವಿನ ಎಸಳು ಉದುರಿದವು. ಫ್ಯಾನು ಗುರ್ರೆಂದು ನಿಂತಿತು, ಸುಟ್ಟ ವಾಸನೆ ಬಂತು. ಅಪ್ಪ ಗಾಬರಿಯಿಂದ ಗುಂಡಿ ಒತ್ತಿ ಬಂದ್ ಮಾಡಿದ. ಕೂಸು ಮತ್ತೆ ಚೀರತೊಡಗಿತು.

"ನಾ ಹೇಳಿದ್ನಿಲ್ಲೋ?" ಎಂದಳು ಅಜ್ಜಿ. ಹಾಗೆನ್ನುತ್ತಲೇ ಪೂಜೆಗಿಟ್ಟ ಕುಡಗೋಲನ್ನು ಎತ್ತಿಕೊಂಡು, ಸುತ್ತಿಕೊಂಡಿದ್ದ ದಾರವನ್ನು ಕತ್ತರಿಸತೊಡಗಿದಳು.

"ಯವ್ವಾ, ಪೂಜಿ?" ಎಂದ ಅಪ್ಪ.

"ಪೂಜಿ ಆಮ್ಯಾಲೆ ನೋಡೂಣು. ಮದಲ ಕೂಸಿಗೆ ಗಾಳಿ ಹತ್ಲಿ."

ಅಪ್ಪ ಸ್ಕ್ರೂ ಬಿಚ್ಚಿ ಉಳಿದ ದಾರವನ್ನು ಎಳೆದು ತೆಗೆದ, ಸೊಟ್ಟಗಾದ ರೆಕ್ಕೆಯನ್ನು ಕೈಯಿಂದಲೇ ನೆಟ್ಟಗೆ ಮಾಡಿದ. ಫ್ಯಾನು ಟಕಟಕ ಸದ್ದು ಮಾಡುತ್ತ ತಿರುಗಿತು. ಕೂಸು ಹಾಲು ಕುಡಿದು ಮಲಗಿತು.

ಹಳೆಯ ವಸ್ತು ಗಟ್ಟಿ ಎಂಬ ಮಾತಿಗೆ ನಾನು ಸಾಕ್ಷಿ ನಿಲ್ಲಲಾರೆ. ಆ ಫ್ಯಾನು ಆಮೇಲೂ ಎಷ್ಟೋ ಸಲ ಕೆಟ್ಟಿತು. ಕೆಟ್ಟಾಗಲೆಲ್ಲ ಯಾರಾದರೂ ಬಿಚ್ಚಿಕೊಂಡು ಕುಳಿತದ್ದರಿಂದ ಅದು ಬಾಳಿತು. ನೆರೆಮನೆಯ ಅಂಥದೇ ಫ್ಯಾನು ಕೆಟ್ಟ ಮೇಲೆ ಅಟ್ಟ ಸೇರಿತು. ಅದನ್ನು ಯಾರೂ ನೆನೆಯುವುದಿಲ್ಲ.

ಮಕ್ಕಳೇ, ನಿಮ್ಮ ಫ್ಯಾನು ಹಗುರ, ಸದ್ದಿಲ್ಲ. ಅದರ ಗಾಳಿಗೆ ನನಗೂ ಒಳ್ಳೆಯ ನಿದ್ದೆ ಬರುತ್ತಿತ್ತು. ಮೊನ್ನೆ ಅದು ನಿಂತಾಗ ಬಿಚ್ಚಲು ನೋಡಿದೆ, ಎಲ್ಲ ಕಡೆ ಅಂಟಿಸಿಬಿಟ್ಟಿದ್ದರು. ನೀವು ಫೋನಿನಲ್ಲೇ ಹೊಸದು ತರಿಸಿದಿರಿ, ಕೆಟ್ಟದ್ದು ಕಸದ ಗಾಡಿ ಹತ್ತಿತು. ಅದು ಹೋದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಅಂದಿನ ಹಾಗೆ ಅದಕ್ಕಾಗಿ ಮನೆಯಲ್ಲಿ ಒಂದು ಜಗಳವೂ ಆಗಲಿಲ್ಲವಲ್ಲ ಎಂದು ಬೇಸರವಾಯಿತು.