ಮಟನ್ ಮಾಮನ ಕೊನೆಯ ಬೆಂಚು

ಬೀದಿಗೆಲ್ಲ ಅವರು ಮಟನ್ ಮಾಮ. ಅಂಗಡಿಯಲ್ಲಿ ನಿಂತರೆ ಕತ್ತಿಗಿಂತ ಅವರ ಮಾತೇ ಹರಿತ. ಎಲುಬು ಹೆಚ್ಚಾಯಿತೆಂದು ಯಾರಾದರೂ ಗೊಣಗಿದರೆ, "ಎಲುಬಿಲ್ಲದ್ದು ಅಂದ್ರೆ ನಾಲಿಗೆ ಒಂದೇ ತಾಯಿ, ನನ್ನದನ್ನೇ ಕೊಯ್ದು ಕೊಡ್ಲಾ?" ಎಂದು ನಿಂತವರನ್ನೆಲ್ಲ ನಗಿಸುತ್ತಿದ್ದರು. ಭಾನುವಾರ ಚರ್ಚಿನ ಗಂಟೆ ಕೇಳಿಸಿತೋ, ಗಿರಾಕಿಗಳು ಎಷ್ಟೇ ಬೈಯಲಿ, ಬಾಗಿಲು ಎಳೆದು, ಊರಿನ ನಿಂಬೆಹಣ್ಣೆಲ್ಲ ತೀರುವಂತೆ ಕೈ ಉಜ್ಜಿ ತೊಳೆದು, ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅಲ್ಲಿ ಮಾತ್ರ ಅವರ ಬಾಯಿಗೆ ಬೀಗ. ಲೋಕದ ಪಾಪ ಹೊತ್ತ ಕುರಿಮರಿಯೆಂದು ಪಾದ್ರಿಗಳು ಯೇಸುವನ್ನು ಕರೆದಾಗ ಉಳಿದವರು ಎಂದಿನಂತೆ "ಆಮೆನ್" ಅನ್ನುತ್ತಿದ್ದರು. ಆನೆಯಂಥ ಈ ಮಾಮ ಮಾತ್ರ ಮಗುವಿನಂತೆ ಬಿಕ್ಕುತ್ತಿದ್ದರು. ಒಂದು ಭಾನುವಾರ ಮನೆಗೆ ಮರಳುವ ದಾರಿಯಲ್ಲಿ ಹೆಂಡತಿ ತಡೆಯಲಾರದೆ ಕೇಳಿಯೇಬಿಟ್ಟರು: "ವಾರವಾರ ಕೇಳೋ ಮಾತೇ ಅಲ್ವೇನ್ರೀ, ಅದಕ್ಯಾಕೆ ಇಷ್ಟು ಅಳು?" ಮಾಮ ಬೀದಿಯ ನಡುವೆಯೇ ನಿಂತರು. "ಕೊನೇ ಗಳಿಗೇಲಿ ಮರಿ ಕತ್ತಿ ನೋಡಲ್ಲ ಕಣೆ, ನನ್ನ ಮುಖ ನೋಡುತ್ತೆ. ಅದಕ್ಕೇನೂ ತಿಳಿಯಲ್ಲ, ಪಾಪ. ಯೇಸುಗೆ ಎಲ್ಲ ತಿಳಿದಿತ್ತು. ತಿಳಿದೂ ತಾನಾಗೇ ಬಂದ. ಶಿಲುಬೇಲಿ ತನಗೆ ಮೊಳೆ ಹೊಡೆಯೋನ ಮುಖ ನೋಡಿ, ಅವನನ್ನ ಕ್ಷಮಿಸು ಅಂತ ದೇವರನ್ನ ಬೇಡಿಕೊಂಡ." ಅವರ ದನಿ ಪಿಸುಮಾತಾಯಿತು. "ಆ ಸುತ್ತಿಗೆ ಹಿಡಿದಿದ್ದೋನು ನಾನೇ ಅನ್ಸುತ್ತೆ. ನನ್ನನ್ನೂ ಹಾಗೇ ನೋಡಿದ ಕಣೆ!"