ತಂಗಿಗೆ ಕೊಟ್ಟ ಸಿ.ಡಿ.

ಈ ವಯಸ್ಸಿನಲ್ಲಿ ಫೋನಿನಲ್ಲಿ ಟೈಪ್ ಮಾಡಲು ಕಲಿತಿದ್ದೇನೆ, ಒಂದೇ ಬೆರಳಿನಲ್ಲಿ. ಹೊಸದೇನನ್ನಾದರೂ ಹಾಕಿಕೊಳ್ಳಲು ಹೋದರೆ ಅದು ಉದ್ದುದ್ದ ಷರತ್ತು ತೋರಿಸಿ ಒಪ್ಪಿಗೆಯೇ ಎಂದು ಕೇಳುತ್ತದೆ. ನಾನು ಓದದೆ ಒಪ್ಪುತ್ತೇನೆ. ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ರವೀಂದ್ರನಗರದ ಮನೆಗೆ ಕಂಪ್ಯೂಟರ್ ಬಂತು. ಅವರು ಆಗಷ್ಟೇ ಭದ್ರಾವತಿಯ ಕಾರ್ಖಾನೆಯ ಸ್ಟೋರ್ಸ್‌ನಿಂದ ನಿವೃತ್ತರಾಗಿದ್ದರು. ಗೇಟ್ ಪಾಸ್ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಟ್ಟವರಲ್ಲ.

“ಕಾಪಿ ಸಿ.ಡಿ. ಹಾಕ್ಕೊಡ್ತೀನಿ ಸಾರ್, ಎಲ್ರೂ ಅದೇ ಹಾಕಿಸ್ಕೊಳ್ಳೋದು” ಎಂದು ಅಂಗಡಿಯವನು ಹೇಳಿದರೂ ಕೇಳದೆ, ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರಿನ ಅಸಲಿ ಸಿ.ಡಿ.ಯನ್ನೇ ಕೊಂಡರು. ಅದನ್ನು ಒಂದು ಕಂಪ್ಯೂಟರಿಗೆ ಮಾತ್ರ ಹಾಕಬೇಕೆಂದು ನನಗೂ ಓದಿ ಹೇಳಿದ್ದರು. ನಾನು ಒಗ್ಗರಣೆ ಹಾಕುತ್ತಾ ಹೂಂ ಅಂದಿದ್ದೆ.

ಮರುವರ್ಷ ಭದ್ರಾವತಿಯಲ್ಲಿದ್ದ ನನ್ನ ತಂಗಿ ತನ್ನ ಮಗಳಿಗೆ ಹಳೆಯ ಕಂಪ್ಯೂಟರೊಂದನ್ನು ಕೊಂಡಳು.

“ಅಕ್ಕ, ನಿಮ್ಮನೆ ಸಿ.ಡಿ. ಎರಡು ದಿನಕ್ಕೆ ಕೊಡೇ. ಭಾವಂಗೆ ಹೇಳ್ಬೇಡ.”

ಹೆಪ್ಪು ಕೊಟ್ಟರೆ ನಮ್ಮ ಮೊಸರೇನು ಕಡಿಮೆಯಾಗುತ್ತದೆಯೇ? ಅದನ್ನು ಹಾಕುವಾಗ ಕೇಳುವ, ಸಿ.ಡಿ. ಪೆಟ್ಟಿಗೆಯ ಮೇಲಿದ್ದ ನಂಬರನ್ನೂ ಚೀಟಿಯಲ್ಲಿ ಬರೆದು, ಕೋಡುಬಳೆ ಡಬ್ಬಿಯ ಅಡಿಯಲ್ಲಿಟ್ಟು ಕಳಿಸಿದೆ. ಯಜಮಾನರು ಒಳಗೆ ಗೊರಕೆ ಹೊಡೆಯುತ್ತಿದ್ದರು. ಸಿ.ಡಿ. ವಾಪಸು ಬಂತು, ನಾನು ಮರೆತೆ.

ಆಮೇಲೊಂದು ಬೇಸಿಗೆಯ ಸಿಡಿಲಿಗೆ ನಮ್ಮ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಹೊಸದು ಹಾಕಿಸಿದ್ದೇ ತಡ, ಇದು ಬೇರೆ ಯಂತ್ರದ ಹಾಗಿದೆ, ಮೂರು ದಿನದೊಳಗೆ ಮತ್ತೆ ಅನುಮತಿ ಪಡೆಯದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಪರದೆಯ ಮೇಲೆ ಬಂತು. ಒಳಗೆ ಇವರ ಹಳೆಯ ಸಹೋದ್ಯೋಗಿಗಳ ಪಿಂಚಣಿ ಅರ್ಜಿಗಳಿದ್ದವು. ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದ್ದು. ಸೋಮವಾರ ಅವರೆಲ್ಲ ಪ್ರತಿ ಒಯ್ಯಲು ಬರುವವರಿದ್ದರು.

“ಸುಟ್ಟಿದ್ದಕ್ಕೆ ಬದಲಿ ಹಾಕಿದ್ರೆ ತೊಂದ್ರೆ ಇಲ್ಲ. ಎರಡು ಕಡೆ ಇರಬಾರ್ದು ಅಷ್ಟೆ” ಎನ್ನುತ್ತಾ ಇವರು ಕಂಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಪರದೆಯ ಅಂಕಿಗಳನ್ನು ನಾನು ಆರಾರರಂತೆ ಓದಿದೆ, ಅವರು ಇಂಗ್ಲಿಷಿನಲ್ಲಿ ಒಪ್ಪಿಸಿದರು. ಇದು ಎಷ್ಟು ಕಂಪ್ಯೂಟರಿನಲ್ಲಿದೆ ಎಂದು ಆ ಕಡೆಯ ಹೆಂಗಸು ಕೇಳಿದಳು. ಇವರು ಬೆನ್ನು ನೆಟ್ಟಗೆ ಮಾಡಿ ಬಾಯಿ ತೆರೆಯುವಷ್ಟರಲ್ಲಿ ನಾನು ಫೋನ್ ಕಟ್ ಮಾಡಿದೆ.

“ಏನೇ ಇದು ಮಾರಾಯ್ತಿ! ನಂಬರೆಲ್ಲ ಹೇಳಾಗಿತ್ತಲ್ಲೇ!”

“ರೀ, ಒಂದಲ್ಲ. ಎರಡು.”

“ಎರಡನೇದು ಎಲ್ಲಿದೆ, ಅಟ್ಟದ ಮೇಲಾ?”

“ಭದ್ರಾವತೀಲಿ. ಕೋಡುಬಳೆ ಜೊತೆ ಹೋಯ್ತು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಜೀವಮಾನ ಎಲ್ಲ ಗೇಟ್ ಪಾಸ್ ಬರೆದೆ ಕಣೆ. ಮನೆ ಗೇಟ್ ನೋಡ್ಲೇ ಇಲ್ಲ.”

“ಒಂದು ಅಂದ್ಬಿಡಿ. ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಯ್ತಲ್ಲ.”

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಭದ್ರಾವತಿಗೆ ಹೊರಟೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಕೂತಿದ್ದರು. ಬಂದ ಕಾರಣ ಕೇಳಿ ತಂಗಿ ಬಾಗಿಲಲ್ಲೇ ಶುರುಮಾಡಿದಳು.

“ಸಿ.ಡಿ. ವಾಪಸ್ ಕೊಟ್ಟಾಯ್ತಲ್ಲ ಭಾವ. ಇನ್ನೇನು, ತಿಂದ ಕೋಡುಬಳೆನೂ ಕೇಳ್ತೀರಾ?”

“ಅದು ಮುಗೀತು ಬಿಡು. ಇದು ಇನ್ನೂ ಓಡ್ತಿದೆಯಲ್ಲ.”

ಅಲ್ಲಿಯ ರಿಪೇರಿಯವನನ್ನು ಕರೆಸಿ ನಮ್ಮ ಸಿ.ಡಿ.ಯಿಂದ ಹಾಕಿದ್ದನ್ನು ತೆಗೆಸಿದರು, ಪುಕ್ಕಟೆ ಸಿಗುವ ಬೇರೆಯದನ್ನು ಹಾಕಿಸಿದರು. ತಂಗಿಯ ಮಗಳು ನನ್ನೊಡನೆ ಒಂದು ತಿಂಗಳು ಮಾತು ಬಿಟ್ಟಳು.

ಸಂಜೆ ಮನೆಯಲ್ಲಿ ಮತ್ತೆ ಫೋನ್, ಮತ್ತೆ ಅದೇ ಅಂಕಿಗಳು, ಅದೇ ಪ್ರಶ್ನೆ. ಅವರು ಫೋನನ್ನು ನನ್ನ ಕಡೆಗೆ ಸರಿಸಿದರು. “ಕಳಿಸಿದೋಳು ನೀನು. ನೀನೇ ಹೇಳು.”

“ಒನ್” ಎಂದೆ. ಖಚಿತವೇ ಎಂದು ಅವಳು ಇನ್ನೊಮ್ಮೆ ಕೇಳಿದಾಗ ಇಂಗ್ಲಿಷ್ ಮರೆತುಹೋಯಿತು. “ಹೂಂ ಕಣಮ್ಮ, ಇವತ್ತೇ ಹೋಗಿ ಅಳಿಸ್ಕೊಂಡು ಬಂದ್ವಿ!”

ಇವರು ಹಣೆ ಚಚ್ಚಿಕೊಂಡರು. ಅವಳಿಗೆ ಕನ್ನಡ ಬರುತ್ತಿರಲಿಲ್ಲವೋ, ಬಂದೂ ಸುಮ್ಮನಾದಳೋ, ಅನುಮತಿಯ ಅಂಕಿಗಳನ್ನು ಹೇಳತೊಡಗಿದಳು. ಇವರು ಒಂದೊಂದಾಗಿ ಒತ್ತಿದರು. ಪರದೆ ತೆರೆದುಕೊಂಡಿತು. ಅರ್ಜಿಗಳೆಲ್ಲ ಇದ್ದವು.

ಮೊದಲನೆಯದನ್ನು ತೆರೆದು ನೋಡುತ್ತಾ ಅವರು “ಕಾಫಿ ಇಡು” ಎಂದರು. ಬಸ್ಸಿನಲ್ಲಿ ನಿಂತುಹೋಗಿದ್ದ ನಮ್ಮ ಮಾತು ಅಲ್ಲಿಂದ ಮತ್ತೆ ಶುರುವಾಯಿತು.