ಎರಡನೆಯ ಆಸನಕ್ಕೆ ಬೇಕಾದ ಬಲ

ಕಳೆದ ವಾರ ಮದುವೆಯೊಂದರಲ್ಲಿ ನನ್ನ ಪಕ್ಕದ ಕುರ್ಚಿಯ ಹುಡುಗಿ ಉಗುರುಬಣ್ಣದ ಸೀಸೆಯ ಮುಚ್ಚಳ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೆಳಗಾವಿಯ ಉದ್ಯಮಬಾಗದ ತಗಡಿನ ಶೆಡ್ಡೊಂದರಲ್ಲಿ ನಿಂತಿದ್ದೆ. ಅದು ಇಸವಿ ಎರಡು ಸಾವಿರದ ಹದಿಮೂರು, ನನಗಾಗ ಮೂವತ್ತೊಂಬತ್ತು ವರ್ಷ. ಅಲ್ಲಿ ವಿಮಾನದ ರೆಕ್ಕೆಗೆ ಬಿಗಿದ ಬಟ್ಟೆಯ ಮೇಲೆ ಅಂಥದೇ ವಾಸನೆಯ ದ್ರವವನ್ನು ಬಳಿಯುತ್ತಿದ್ದರು. ಅದು ಒಣಗಿದಂತೆಲ್ಲ ಬಟ್ಟೆ ಡೊಳ್ಳಿನ ಚರ್ಮದಂತೆ ಬಿಗಿಯಾಗುತ್ತಿತ್ತು.

ಬಳಿಯುತ್ತಿದ್ದವರು ಸದಾಶಿವನಗರದಲ್ಲಿ ನಮ್ಮ ಪಕ್ಕದ ಮನೆಯವರು. ಅವರನ್ನು ನಾನು ಕಾಕಾ ಎಂದೂ ಅವರ ಪತ್ನಿಯನ್ನು ಕಾಕು ಎಂದೂ ಕರೆಯುತ್ತಿದ್ದೆ. ಕಾಕಾ ನಲವತ್ತು ವರ್ಷ ಫೌಂಡ್ರಿಗಳಿಗೆ ಪ್ಯಾಟರ್ನ್ ಮಾಡಿಕೊಟ್ಟ ಮಿಸ್ತ್ರಿ. ಎರಕ ಹೊಯ್ಯುವ ಮೊದಲು, ಬೇಕಾದ ಆಕಾರವನ್ನು ಕಟ್ಟಿಗೆಯಲ್ಲಿ ಕಡೆದು ಕೊಡುವುದು ಅವರ ಕಸುಬು. ಕಾದ ಕಬ್ಬಿಣ ಆರಿದಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಆದ್ದರಿಂದ ಪ್ಯಾಟರ್ನ್ ಮಾಡುವವರ ಅಳತೆಪಟ್ಟಿಯೇ ಬೇರೆ. ಅದರ ಗೆರೆಗಳನ್ನು ಅಷ್ಟೇ ಪ್ರಮಾಣದಲ್ಲಿ ಅಗಲವಾಗಿ ಕೊರೆದಿರುತ್ತಾರೆ. ನೋಡಲು ಮಾತ್ರ ಅದು ಎಲ್ಲರ ಪಟ್ಟಿಯಂತೆಯೇ ಇರುತ್ತದೆ. ಕಾಕಾ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು.

ಯೌವನದಲ್ಲಿ ವಿಮಾನ ಹಾರಿಸಲು ಕಲಿತಿದ್ದ ಅವರು, ಕೆಲಸ ಬಿಟ್ಟ ಮೇಲೆ ತಮ್ಮದೇ ವಿಮಾನ ಕಟ್ಟಲು ಕುಳಿತರು. ಕಟ್ಟಿಗೆಯ ಎಲುಬು, ಅದರ ಮೇಲೆ ಕಾಕು ಕೈಯಿಂದ ಹೊಲಿದ ಬಟ್ಟೆ, ಒಳಗೆ ಅಕ್ಕಪಕ್ಕ ಎರಡು ಆಸನ. ಎಂಜಿನ್ ಮಾತ್ರ ಗೋವಾದ ಗುಜರಿಯಿಂದ ತಂದದ್ದು. ಜಪಾನಿನ ಯಾವುದೋ ಹಳೆಯ ಕಾರಿನ ರೋಟರಿ ಎಂಜಿನ್. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್‌ಗಳಿಲ್ಲ. ಕಬ್ಬಿಣದ ತಟ್ಟೆಗಳ ನಡುವಿನ ಗೂಡಿನಲ್ಲಿ ಮೂರು ಮೂಲೆಯ ರೋಟರ್ ತಿರುಗುತ್ತದೆ. ತಟ್ಟೆಯಲ್ಲಿರುವ ಕಿಂಡಿಯಿಂದ ಗಾಳಿಯೂ ಪೆಟ್ರೋಲೂ ಒಳಬರುತ್ತವೆ. ಹಗುರ, ಬಿಡಿಭಾಗ ಕಡಿಮೆ. ಅದಕ್ಕೇ ಅವರು ಅದನ್ನು ಆರಿಸಿಕೊಂಡಿದ್ದರು.

ಖಾನಾಪುರ ದಾಟಿ ನಂದಗಡದ ದಾರಿಯಲ್ಲಿ ಕಾಕುವಿನ ತವರಿನವರಿಗೆ ಒಂದು ಬಯಲಿತ್ತು. ಆ ಬಯಲಿನಿಂದ ಕಾಕಾ ಹಲವು ಸಲ ಒಬ್ಬರೇ ಹಾರಿ ಇಳಿದಿದ್ದರು. ಆದರೆ ಬಯಲಿನ ಕೊನೆಯಲ್ಲಿ ಸಾಲಾಗಿ ಮತ್ತಿಮರಗಳಿದ್ದವು. ಇಬ್ಬರು ಕುಳಿತರೆ ಆ ಮರಗಳನ್ನು ದಾಟುವಷ್ಟು ಬಲ ಎಂಜಿನ್ನಿಗೆ ಇರಲಿಲ್ಲ. ಪರವಾನಗಿ ಕೊಟ್ಟವರ ಷರತ್ತೂ ಸ್ಪಷ್ಟವಾಗಿತ್ತು: ಇನ್ನೊಬ್ಬರ ತೂಕವನ್ನು ಹೊತ್ತು ಸುರಕ್ಷಿತವಾಗಿ ಏರಿ ತೋರಿಸದ ಹೊರತು ಯಾರನ್ನೂ ಕೂರಿಸಕೂಡದು.

"ಎರಡ ಸೀಟ ಮಾಡ್ಯಾರ ನೋಡ್ರಿ ಸರ," ಎಂದು ಕಾಕು ನನಗೆ ಚಹಾ ಕೊಡುತ್ತ ಅವರಿಗೆ ಕೇಳಿಸುವಂತೆ ಹೇಳುತ್ತಿದ್ದರು. "ನಾ ಹೊಲಿದ ರೆಕ್ಕಿ ಮ್ಯಾಲ ತಾವೊಬ್ರ ಹಾರ್ತಾರ. ನಾ ಕೆಳಗ ನಿಂತು ಟಾಟಾ ಮಾಡೂದು."

"ಈ ವರ್ಷ ಖರೇನ ಕುಂದರಸ್ತೀನಿ, ನೀ ಸ್ವಲ್ಪ ಚಪಾತಿ ಕಡಿಮಿ ತಿನ್ನು," ಎನ್ನುತ್ತಿದ್ದರು ಕಾಕಾ.

ಅವರಿಗೆ ಆಗ ಅರವತ್ತಾರು. ಹಾರಾಟಕ್ಕೆ ಬೇಕಾದ ವೈದ್ಯಕೀಯ ಪರೀಕ್ಷೆಯಲ್ಲಿ ಇನ್ನೆಷ್ಟು ವರ್ಷ ತೇರ್ಗಡೆಯಾಗುವೆನೋ ಎಂಬ ಭಯ ಆ ತಮಾಷೆಯ ಹಿಂದೆ ಇತ್ತು. ನನಗದು ಗೊತ್ತಿತ್ತು, ಕಾಕುವಿಗೂ ಗೊತ್ತಿತ್ತು.

ನಾನು ಆಗ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಒಂದೊಂದು ಒತ್ತಕ್ಷರಕ್ಕೂ ಅಂಕ ಕಳೆಯುವವನೆಂದು ಹುಡುಗರಲ್ಲಿ ನನ್ನ ಹೆಸರು ಕೆಟ್ಟಿತ್ತು. ಆ ಕೆಟ್ಟ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಕಾಕಾ ನನ್ನನ್ನು ಕರೆದದ್ದು ಈ ಗುಣಕ್ಕಾಗಿಯೇ. ಪ್ರತಿ ಪರೀಕ್ಷೆಯ ವಿವರವನ್ನೂ ವಹಿಯಲ್ಲಿ ಶುದ್ಧವಾಗಿ ಬರೆದಿಡುವವರೊಬ್ಬರು ಅವರಿಗೆ ಬೇಕಾಗಿತ್ತು.

ವಿಮಾನದ ಬಾಲವನ್ನು ಶೆಡ್ಡಿನ ಅಂಗಳದ ಮರಕ್ಕೆ ಸರಪಳಿಯಿಂದ ಕಟ್ಟಿ, ನಡುವೆ ಭತ್ತದ ಚೀಲ ತೂಗುವ ಮುಳ್ಳಿನ ಕಾಟಾ ಸಿಕ್ಕಿಸುತ್ತಿದ್ದೆವು. ಎಂಜಿನ್ ಪೂರ್ಣ ವೇಗದಲ್ಲಿ ತಿರುಗಿದಾಗ ವಿಮಾನ ಎಷ್ಟು ಎಳೆಯುತ್ತದೆ ಎಂಬುದನ್ನು ಮುಳ್ಳು ತೋರಿಸುತ್ತಿತ್ತು. ಇನ್ನೂರಹತ್ತು ಕಿಲೋ. ಕಾಕಾನ ಲೆಕ್ಕದಂತೆ ಇನ್ನೂರನಲವತ್ತು ಬೇಕು. ಗಾಳಿ ಒಳಬರುವ ಕೊಳವೆಯನ್ನು ಗಿಡ್ಡ ಮಾಡಿದರು, ಉದ್ದ ಮಾಡಿದರು, ಹೊಗೆಕೊಳವೆಯನ್ನು ಬದಲಿಸಿದರು. ಎಂಜಿನ್ ಜೋರಾಗಿ ತಿರುಗಿದರೂ ಪಂಖ ಮಿತಿಯೊಳಗೇ ತಿರುಗುವಂತೆ ನಡುವಿನ ಹಲ್ಲುಚಕ್ರಗಳನ್ನು ಬದಲಿಸಿದರು. ಮುಳ್ಳು ಇನ್ನೂರ ಇಪ್ಪತ್ತೆರಡಕ್ಕೆ ಬಂದು ನಿಂತಿತು… ಎಷ್ಟೋ ರವಿವಾರ ಅಲ್ಲಿಯೇ ನಿಂತಿತು.

"ಇದಕ್ಕ ಉಸುರು ಸಾಲವಲ್ದು ಸರ," ಎಂದರು ಕಾಕಾ ಒಂದು ದಿನ. "ಮೂಗು ದೊಡ್ಡದು ಮಾಡೂಣು."

ಮೂಗು ಎಂದರೆ ತಟ್ಟೆಯ ಕಿಂಡಿ. ಅದನ್ನು ಅಗಲಿಸಿದರೆ ಹೆಚ್ಚು ಗಾಳಿ ಬರುತ್ತದೆ; ಹೆಚ್ಚು ಗಾಳಿ ಬಂದರೆ ಹೆಚ್ಚು ಬಲ. ಆದರೆ ಅದಕ್ಕೊಂದು ಗಡಿಯಿದೆ. ರೋಟರಿನ ಮೂರೂ ಮೂಲೆಗಳಲ್ಲಿ ಗಾಳಿ ಸೋರದಂತೆ ತಡೆಯುವ, ಅಂಗಿಯ ಗುಂಡಿಯಂಥ ಪುಟ್ಟ ಸೀಲುಗಳು ತಟ್ಟೆಯನ್ನು ಸವರುತ್ತ ಸಾಗುತ್ತವೆ. ಕಿಂಡಿಯ ಅಂಚು ಅವುಗಳ ದಾರಿಗೆ ಬಂದರೆ ಸೀಲು ಆಧಾರ ತಪ್ಪಿ ಕಿಂಡಿಯೊಳಗೆ ವಾಲುತ್ತದೆ, ಮುರಿಯುತ್ತದೆ. ನಡುಬಿಂದುವಿನಿಂದ ಹೊಸ ಅಂಚು ತೊಂಬತ್ತೆಂಟು ಮಿಲಿಮೀಟರ್ ದೂರದಲ್ಲಿರಬೇಕು, ಅದಕ್ಕಿಂತ ಆಚೆ ಹೋಗಕೂಡದು ಎಂದು ಕಾಕಾ ನಿಗದಿ ಮಾಡಿ, ಕಾಗದದ ಮೇಲೆ ನಕಾಶಿ ಬರೆದರು. ತೆಳ್ಳನೆಯ ತಗಡಿನ ಮೇಲೆ ಆ ಆಕಾರವನ್ನು ಗೀರಿ, ಕತ್ತರಿಸಿ, ಮಾದರಿ ಮಾಡಿಕೊಂಡರು.

ಮಾದರಿಯನ್ನು ಒಪ್ಪಿಕೊಳ್ಳುವ ಮೊದಲು ಫೌಂಡ್ರಿಯವರದೊಂದು ಪದ್ಧತಿಯಿತ್ತು. "ನಾ ಅಳೀತೀನಿ, ನೀವು ಹೊಂದಸ್ರಿ," ಎಂದರು ಕಾಕಾ. "ಅಳಿಯಾಂವ ನಕಾಶಿ ನೋಡಬಾರದು. ನೋಡಿದ್ರ ಕಣ್ಣು ಲಬಾಡಿ ಮಾಡ್ತೈತಿ, ತನಗ ಬೇಕಾದ್ದನ್ನ ಓದ್ತೈತಿ."

ಅವರು ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ಮಾಪಕ ಹಿಡಿದು ಹದಿನಾಲ್ಕು ಅಳತೆಗಳನ್ನು ಒಂದೇ ಸಮನೆ ಕೂಗಿದರು. ನಾನು ಕಚ್ಚಾ ಹಾಳೆಯಲ್ಲಿ ಬರೆದುಕೊಂಡೆ. ನಕಾಶಿಯೊಂದಿಗೆ ಹೋಲಿಸಿ, ಹೊಂದದಿದ್ದರೆ ಹೇಳುವುದು ನನ್ನ ಕೆಲಸ. ಹೊಂದದ ಅಳತೆ ಒಂದಿತ್ತು. ನಕಾಶಿಯಲ್ಲಿ ತೊಂಬತ್ತೆಂಟು, ಅವರು ಕೂಗಿದ್ದು ತೊಂಬತ್ತೊಂಬತ್ತು. ಮರುದಿನ ವಹಿಯಲ್ಲಿ ಶುದ್ಧಪ್ರತಿ ಮಾಡುವಾಗ ಅದು ನನ್ನ ಕಣ್ಣಿಗೆ ಬಿತ್ತು. ವಯಸ್ಸಾದವರು, ಸಣ್ಣ ಗೆರೆಗಳನ್ನು ಓದುವಾಗ ಒಂದು ಹೆಚ್ಚು ಹೇಳಿದ್ದಾರೆ ಎಂದುಕೊಂಡೆ. ಅವರನ್ನು ಕೇಳಲಿಲ್ಲ. ಹುಡುಗರ ಉತ್ತರಪತ್ರಿಕೆ ತಿದ್ದುವಷ್ಟೇ ಸಹಜವಾಗಿ ಒಂಬತ್ತನ್ನು ಎಂಟು ಮಾಡಿದೆ. ಪುಟ ಬಹಳ ಚೆನ್ನಾಗಿ ಕಂಡಿತು. "ಎಲ್ಲ ಹೊಂದುತ್ತವೆ, ಕಾಕಾ," ಎಂದೆ.

ಕಾಕಾ ಮೂರು ವಾರ ತಟ್ಟೆಗಳನ್ನು ಉಜ್ಜಿ ಕಿಂಡಿ ಅಗಲಿಸಿದರು. ಡಿಸೆಂಬರಿನ ಒಂದು ಬೆಳಿಗ್ಗೆ, ಕಾಟಾದ ಮುಳ್ಳು ಇನ್ನೂರ ಮೂವತ್ತೆಂಟನ್ನು ಮುಟ್ಟಿತು. ಕಾಕು ಚಪ್ಪಾಳೆ ತಟ್ಟಿದರು. ಅವರ ಚಪ್ಪಾಳೆ ಮುಗಿಯುವುದರೊಳಗೆ ಎಂಜಿನ್ನಿನ ಒಳಗಿಂದ ಚರಚರ ಸದ್ದು ಬಂದು, ಮುಳ್ಳು ಜಾರಿ ಜಾರಿ ನೂರಕ್ಕಿಂತ ಕೆಳಗಿಳಿಯಿತು.

ಬಿಚ್ಚಿ ನೋಡಿದಾಗ ಸೀಲುಗಳು ಮುರಿದು ಎರಡು ತಟ್ಟೆಗಳ ಮೈಯೆಲ್ಲ ಕೆರೆದುಹೋಗಿತ್ತು. ಕಾಕಾ ವರ್ನಿಯರ್ ಇಟ್ಟು ಕಿಂಡಿಯ ಅಂಚನ್ನು ಅಳೆದರು. ಆಮೇಲೆ ವಹಿ ತೆಗೆದು ನನ್ನ ಚೆಂದದ ಪುಟವನ್ನು ನೋಡಿದರು. ತಗಡಿನ ಮಾದರಿ ಆಗಲೇ ಗುಜರಿಗೆ ಹೋಗಿತ್ತು.

"ವಹಿಯೊಳಗ ತೊಂಬತ್ತೆಂಟ ಐತಿ, ತಟ್ಟಿ ಮ್ಯಾಲ ತೊಂಬತ್ತೊಂಬತ್ತ ಐತಿ," ಎಂದರು ಮೆಲ್ಲಗೆ. "ಅಂದ್ರ ತಗಡ ಸರಿ ಇತ್ತು. ಉಜ್ಜೂವಾಗ ನನ್ನ ಕೈ ಜಾರೇತಿ. ಕೈ ಹೋತ್ರಿ ಸರ."

ಎಂಜಿನ್ನಿನ ಮೇಲೆ ಹಳೆಯ ಚಾದರ ಹೊದಿಸಿದರು. ಮರುದಿನದಿಂದ ಶೆಡ್ಡಿಗೆ ಹೋಗಲಿಲ್ಲ. ಉಳಿ, ಗರಗಸಗಳನ್ನು ಯಾರಿಗೆ ಕೊಡಬೇಕೆಂದು ಕಾಕುವಿನೊಡನೆ ಮಾತಾಡುತ್ತಿದ್ದುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ನಲವತ್ತು ವರ್ಷ ಕೂದಲೆಳೆಯ ವ್ಯತ್ಯಾಸವನ್ನೂ ಬೆರಳಿನಿಂದ ಹೇಳುತ್ತಿದ್ದ ಮನುಷ್ಯ, ತನ್ನ ಬೆರಳುಗಳನ್ನೇ ನಂಬದಂತಾಗಿದ್ದರು.

ಕಚ್ಚಾ ಹಾಳೆ ನನ್ನ ಮೇಜಿನ ಖಾನೆಯಲ್ಲಿತ್ತು. ಅದನ್ನು ಬಲ್ಲವನು ನಾನೊಬ್ಬನೇ. ಹರಿದುಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ… ಹರಿದುಹಾಕುವ ಯೋಚನೆ ಬರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಹದಿನಾರು ವರ್ಷ ಪರರ ತಪ್ಪುಗಳಿಗೆ ಕೆಂಪು ಗೆರೆ ಎಳೆದವನಿಗೆ, ತನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲು ಐದು ದಿನ ಬೇಕಾದವು.

ಆರನೆಯ ದಿನ ಬೆಳಿಗ್ಗೆ ಹಾಳೆಯನ್ನು ಅವರ ಮುಂದಿಟ್ಟೆ. "ಕಾಕಾ, ನೀವು ಕೂಗಿದ್ದು ತೊಂಬತ್ತೊಂಬತ್ತೇ. ಎಂಟು ಮಾಡಿದವನು ನಾನು."

ಅವರು ಹಾಳೆಯ ಹದಿನಾಲ್ಕೂ ಅಂಕಿಗಳನ್ನು ನೋಡಿದರು. ಆಮೇಲೆ ಅವರ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಅಳತೆಪಟ್ಟಿ ತೆಗೆದು ವರ್ನಿಯರಿನ ಪಕ್ಕದಲ್ಲಿಟ್ಟರು. ಪಟ್ಟಿಯ ತೊಂಬತ್ತೆಂಟನೆಯ ಗೆರೆ ವರ್ನಿಯರಿನ ತೊಂಬತ್ತೊಂಬತ್ತಕ್ಕೆ ಸರಿಯಾಗಿ ನಿಂತಿತು.

"ಎರಕಾ ಹೊಯ್ಯೂ ಪಟ್ಟೀಲೆ ತಗಡ ಗೀರೇನಿ!" ಎಂದು ಹಣೆಗೆ ಕೈಹಚ್ಚಿಕೊಂಡರು. "ಕುಗ್ಗಾಕ ಅದೇನ್ ಕಾದ ಕಬ್ಬಿಣಾನ? ತಗಡ! ನಲವತ್ತ ವರ್ಷದ ಚಾಳಿ ನೋಡ್ರಿ ಇದು."

ನಾನು ಕ್ಷಮೆ ಕೇಳತೊಡಗಿದೆ. ಕಾಕು ಒಳಗಿಂದ ಬಂದವರು ನನ್ನನ್ನು ತಡೆದರು. "ಬಿಡ್ರಿ ಸರ, ಅವರು ತಪ್ಪ ಗೀರ್‍ಯಾರ, ನೀವು ತಪ್ಪ ಬರದೀರಿ. ಇಬ್ರೂ ಶಾಣ್ಯಾರ ಸೇರಿದ್ರ ಹಿಂಗ ಆಗೂದು."

ಕಾಕಾ ನಕ್ಕರು. ಆದರೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದು ಮಾತು ಹೇಳಿದರು: "ನನ್ನ ಕೈಯಾನ ತಪ್ಪ ನನಗ ತೋರಸ್ರಿ ಸರ, ಮುಚ್ಚಬ್ಯಾಡ್ರಿ. ಆಕಿನ್ನ ಮ್ಯಾಲ ಒಯ್ಯಾಂವ ನಾನು." ಆ ಮಾತಿನ ಭಾರ ನನಗೆ ಪೂರ್ತಿಯಾಗಿ ತಿಳಿಯಲು ಕೆಲವು ದಿನ ಹಿಡಿಯಿತು. ಆ ಸೀಲುಗಳು ವಿಮಾನವನ್ನು ಮರಕ್ಕೆ ಕಟ್ಟಿದ್ದಾಗ ಮುರಿದಿದ್ದವು. ಮತ್ತಿಮರಗಳ ಮೇಲೆ, ಇಬ್ಬರು ಕುಳಿತಿರುವಾಗ ಮುರಿದಿದ್ದರೆ…

ಹೊಸ ತಟ್ಟೆಗಳು ಎಲ್ಲಿಯೂ ಸಿಗಲಿಲ್ಲ. ಕಾಕಾ ಅವುಗಳ ಪ್ಯಾಟರ್ನನ್ನು ಸಾಗುವಾನಿಯಲ್ಲಿ ತಾವೇ ಕಡೆದರು. ಈ ಸಲ ಜೇಬಿನ ಪಟ್ಟಿಯನ್ನು ಬಳಸಬೇಕಾದ ಕಡೆಯೇ ಬಳಸಿದರು. ಪರಿಚಯದ ಫೌಂಡ್ರಿಯೊಂದರಲ್ಲಿ ಎರಕ ಹೊಯ್ಸಿದರು. ಮೊದಲ ಎರಡು ಎರಕಗಳಲ್ಲಿ ಗಾಳಿಗುಳ್ಳೆ ಬಂದವು; ಒಡೆದು ಮತ್ತೆ ಹೊಯ್ಸಿದರು. ಕೆಲಸ ಮುಗಿಯಲು ಹತ್ತು ತಿಂಗಳು ಬೇಕಾಯಿತು. ಅವರು ಕೂಗಿದ ಅಳತೆಗಳನ್ನು ನಾನು ಮೊದಲಿನಂತೆಯೇ ಬರೆದುಕೊಂಡೆ. ಹೊಂದದ್ದು ಒಂಬತ್ತು ಸಲ ಕಂಡಿತು. ಒಂಬತ್ತು ಸಲವೂ ಹೇಳಿದೆ. ಏಳು ಸಲ ಅವರ ಓದು ತಪ್ಪಾಗಿತ್ತು. ಎರಡು ಸಲ ಕಟ್ಟಿಗೆಯೇ ತಪ್ಪಾಗಿತ್ತು.

ಎರಡು ಸಾವಿರದ ಹದಿನಾಲ್ಕರ ಡಿಸೆಂಬರಿನಲ್ಲಿ ಮುಳ್ಳು ಇನ್ನೂರನಲವತ್ತೊಂದಕ್ಕೆ ಏರಿ, ಕಾಲು ಗಂಟೆ ಅಲ್ಲಿಯೇ ನಿಂತಿತು. ಎರಡನೆಯ ಆಸನದಲ್ಲಿ ಕಾಕುವಿನಷ್ಟೇ ತೂಕದ ಉಸುಕಿನ ಚೀಲಗಳನ್ನು ಬಿಗಿದು, ಕಾಕಾ ಆರು ಸಲ ಹಾರಿ ಇಳಿದರು. "ನನಗಿಂತ ಮೊದಲ ಉಸುಕ ಹತ್ತೇತಿ," ಎಂದು ಕಾಕು ಪ್ರತಿ ಸಲವೂ ಗೊಣಗಿದರು. ಪರವಾನಗಿಯ ಕಾಗದ ಬಂತು.

ಅದು ಬಂದ ಮೇಲಿನ ರವಿವಾರ ಬಯಲಿನಲ್ಲಿ ನಾನೂ ಇದ್ದೆ. ಕಾಕು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಉಣ್ಣೆಯ ಟೋಪಿ ಹಾಕಿ ಕುಳಿತರು. ವಿಮಾನ ಹುಲ್ಲಿನ ಮೇಲೆ ಓಡಿತು. ಗಾಲಿಗಳು ನೆಲ ಬಿಟ್ಟವು. ಮರಗಳು ಹತ್ತಿರವಾದವು. ಮರಗಳ ತುದಿಗೂ ಗಾಲಿಗಳಿಗೂ ನಡುವೆ ದೊಡ್ಡದೊಂದು ಆಕಾಶ ಕಂಡಿತು. ಹನ್ನೆರಡು ನಿಮಿಷಗಳ ಮೇಲೆ ಇಳಿದ ಕಾಕು ಅಳುತ್ತಿದ್ದರು, ನಗುತ್ತಲೂ ಇದ್ದರು. "ನಮ್ಮವ್ವನ ಮನಿ ಹಂಚ ಕಂಡ್ವು," ಎಂದಷ್ಟೇ ಹೇಳಿದರು.

ಮರುವರ್ಷ ಕಾಕಾ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ವಿಮಾನವನ್ನು ಒಂದು ಕಾಲೇಜಿಗೆ ಕೊಟ್ಟುಬಿಟ್ಟರು. ಅವರು ತೀರಿಕೊಂಡು ಈಗ ಮೂರು ವರ್ಷ. ಶೆಡ್ಡಿನಲ್ಲಿ ಯಾರೋ ಪ್ಲೈವುಡ್ ಇಟ್ಟಿದ್ದಾರೆ. ನಾನು ಶಾಲೆ ಬಿಟ್ಟಿದ್ದೇನೆ. ಪಕ್ಕದ ಮನೆಯ ಗೋಡೆಯಾಚೆಯಿಂದ ಈಗ ಒಬ್ಬರದೇ ಸದ್ದು ಕೇಳುತ್ತದೆ.

ಮೊನ್ನೆ ಕಾಕು ಗೋಡೆಯ ಮೇಲಿಂದ ಇಣುಕಿ ಕೇಳಿದರು: "ಸರ, ನಾ ಹಾರಿದ್ದು ಸಂಕ್ರಮಣದ ದಿನಾನ ಅಲ್ಲ? ಮೊಮ್ಮಗಳು ಕೇಳಾಕತ್ತಾಳ. ಅವರಿದ್ದಿದ್ರ ಅವರನ್ನ ಕೇಳ್ತಿದ್ದೆ…"

ಆ ದಿನಕ್ಕೆ ಈಗ ಸಾಕ್ಷಿಗಳು ನಾವಿಬ್ಬರೇ. ಸಂಕ್ರಮಣದ ದಿನವೇ ಎಂದುಬಿಟ್ಟಿದ್ದರೆ ಅವರಿಗೆ ಸಂತೋಷವಾಗುತ್ತಿತ್ತು. ಹಾಗೆ ಹೇಳಲಿಲ್ಲ. ವಹಿ ತೆಗೆದು, ಇದ್ದದ್ದನ್ನು ಇದ್ದಂತೆ ಓದಿದೆ: ಎರಡು ಸಾವಿರದ ಹದಿನೈದು, ಜನೆವರಿ ಹದಿನೆಂಟು, ರವಿವಾರ.